ಸೀಟಿನ ಕೆಳಗೆ ಹೋಗುವ ಬ್ಯಾಗು

ನಾನು ಹೊಲಿಗೆಯವಳು. ಹೊನ್ನಾವರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಟೇಪು ಹಿಡಿಯದೆ ಬರೇ ಕಣ್ಣಿನಲ್ಲೇ ಅಳತೆ ಹೇಳುತ್ತಾಳೆ ಎಂದು ಹೆಸರಿದೆ, ಆ ಹೆಸರಿನ ಬಗ್ಗೆ ನನಗೆ ಜಂಬವೂ ಇದೆ. ಆದರೆ ಭಾವ ಮಸ್ಕತ್ತಿನಿಂದ ಫೋನು ಮಾಡಿ, ವಿಮಾನದ ಸೀಟಿನ ಕೆಳಗೆ ಹೋಗುವಂಥ ಸಣ್ಣ ಚಕ್ರದ ಬ್ಯಾಗೊಂದು ತೆಗೆದಿಡು, ಇಷ್ಟು ಉದ್ದ, ಇಷ್ಟು ಅಗಲ ಎಂದು ಹೇಳುತ್ತಾ ಹೋದಾಗ ನನಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹೋದದ್ದು ಒಂದೇ ಮಾತು. ಮಗುವನ್ನು ಕರೆದುಕೊಂಡು ಹೋಗುತ್ತಾರೆ.

ಮಗು ನನ್ನ ಅಕ್ಕನದು. ಹೆತ್ತ ವಾರದೊಳಗೆ ಅಕ್ಕ ತೀರಿಕೊಂಡಳು. ಭಾವ ಕುಮಟೆಯವರು, ಕೆಲಸ ಮಸ್ಕತ್ತಿನ ಬಂದರಿನಲ್ಲಿ, ಹಡಗು ಎಳೆಯುವ ಟಗ್ ಬೋಟಿನ ಮೇಲೆ. ಕೈಗೂಸು ಕಟ್ಟಿಕೊಂಡು ಅವರು ಬೋಟು ಹತ್ತುವುದು ಹೇಗೆ? ತಂದು ನನ್ನ ಮಡಿಲಿಗೆ ಹಾಕಿದರು. "ಭಾವನನ್ನೇ ಕಟ್ಟಿಕೊಂಡ್ರೆ ಆತಲ್ಲ" ಎಂದರು ಓಣಿಯ ಹೆಂಗಸರು. ಭಾವನೂ ಕೇಳಲಿಲ್ಲ, ನನಗೂ ಅಕ್ಕನ ಜಾಗದಲ್ಲಿ ಹೋಗಿ ಮಲಗುವ ಮನಸ್ಸಿರಲಿಲ್ಲ. ಇನ್ನು ಕೆಲವರು "ಕಾಗೆ ಕೋಗಿಲೆ ಮರಿ ಸಾಕಿದ ಹಾಗೆ" ಎಂದರು. ಅವರ ರವಿಕೆಗಳನ್ನು ನಾನು ಬೇಕೆಂದೇ ತಡ ಮಾಡಿ ಕೊಟ್ಟೆ.

ಮಗು ನನ್ನನ್ನು ಚಿಕ್ಕಿ ಎಂದು ಕರೆಯಿತು. ತಾಯಿಯ ತಂಗಿ ನಮ್ಮಲ್ಲಿ ಚಿಕ್ಕಿ. ಮಾತು ಬರುವ ಹೊತ್ತಿಗೆ ಒಮ್ಮೆ ನನ್ನನ್ನು ನೋಡಿ "ಅಬ್ಬೆ" ಎಂದಿತ್ತು. ನನ್ನ ಅಮ್ಮ ಅಲ್ಲೇ ಮೀನು ಕೊಯ್ಯುತ್ತಿದ್ದವಳು ತೊಳೆಯದ ಕೈಯಲ್ಲೇ ಗೋಡೆಯ ಮೇಲಿನ ಅಕ್ಕನ ಫೋಟೋ ತೋರಿಸಿ, "ಅಬ್ಬೆ ಅಂದ್ರೆ ಅದು. ಇದು ಚಿಕ್ಕಿ" ಎಂದು ತಿದ್ದಿದಳು. ನಾನು ಎದುರಾಡಲಿಲ್ಲ. ಸತ್ತವಳಿಗೆ ಉಳಿದದ್ದು ಆ ಒಂದು ಮಾತು, ಅದನ್ನೂ ಕಿತ್ತುಕೊಳ್ಳುವುದೇ? ನನಗೆ ಚಿಕ್ಕಿ ಧಾರಾಳವಾಗಿ ಸಾಕಿತ್ತು. ಮಷಿನ್ನಿನ ಸದ್ದಿನ ನಡುವೆಯೂ ಆ ಕೂಗಿಗೆ ನನ್ನ ಕಾಲು ತಾನಾಗಿ ನಿಲ್ಲುತ್ತಿತ್ತು. ಬದಲಿಗೆ ನಾನೂ ಒಂದು ಕಾಯಿದೆ ಮಾಡಿದ್ದೆ, ಚಿಕ್ಕಿ ಕರೆದರೆ ಒಂದೇ ಸಲಕ್ಕೆ ಬರಬೇಕು. ಆಟದ ನಡುವೆ ಇದ್ದರೂ ಓಡಿ ಬರುತ್ತಿತ್ತು, ಪಾಪ.

ಹೋದ ವರ್ಷ ಭಾವ ಅಲ್ಲೇ ಮದುವೆಯಾದರು. ಕುಂದಾಪುರ ಕಡೆಯ ಹೆಂಗಸು, ಆಸ್ಪತ್ರೆಯಲ್ಲಿ ನರ್ಸು. ಆಕೆಯೇ ಒಂದು ದಿನ ನನಗೆ ಫೋನು ಮಾಡಿ, ಮಗು ಬಂಗುಡೆಯ ಮುಳ್ಳು ತಾನೇ ಬಿಡಿಸಿಕೊಳ್ಳುತ್ತದೋ, ಬಿಡಿಸಿ ಕೊಡಬೇಕೋ ಎಂದು ಕೇಳಿದಳು. ಬೈಯಬೇಕೆಂದು ನಾನು ಎಷ್ಟೋ ದಿನದಿಂದ ಮಾತು ಕೂಡಿಹಾಕಿ ಇಟ್ಟಿದ್ದೆ. ಮುಳ್ಳಿನ ವಿಚಾರ ಕೇಳುವವಳನ್ನು ಬೈಯುವುದು ಹೇಗೆ? "ಬಿಡಿಸಿ ಕೊಡಿ" ಎಂದೆ. ಸುಳ್ಳು. ಮಗು ತಾನೇ ಬಿಡಿಸಿಕೊಳ್ಳುತ್ತಿತ್ತು.

ಬ್ಯಾಗಿಗೆ ಭಟ್ಕಳಕ್ಕೇ ಹೋದೆ. ಅಲ್ಲಿಯ ಪೇಟೆಯಲ್ಲಿ ವಿಮಾನದ ವಿಚಾರ ಗೊತ್ತಿಲ್ಲದ ಅಂಗಡಿಯೇ ಇಲ್ಲ, ಮನೆಗೊಬ್ಬರಾದರೂ ಗಲ್ಫ್ ಕಂಡವರು. ಸೆಂಟು, ಖರ್ಜೂರ, ದಪ್ಪ ಕಂಬಳಿಗಳ ನಡುವೆ ಬ್ಯಾಗುಗಳನ್ನು ಒಂದರ ಮೇಲೊಂದು ಒಟ್ಟಿದ್ದ ಅಂಗಡಿಗೆ ಹೊಕ್ಕೆ. ಬಿಳಿ ಗಡ್ಡದ ಸಾಯ್ಬರು ಕೂತಿದ್ದರು.

"ಸೀಟಿನ ಕೆಳಗೆ ಹೋಗೂದು ಬೇಕು," ಎಂದೆ. "ಚಕ್ರ ಇರಬೇಕು. ಎಳೆಯೂದು ಸಣ್ಣ ಮಗು."

ಅವರು ಮೊದಲು ಗಟ್ಟಿ ಪ್ಲಾಸ್ಟಿಕ್ಕಿನದು ತೋರಿಸಿದರು. ಫಳಫಳ ಹೊಳೆಯುತ್ತಿತ್ತು. ಆಮೇಲೆ ತಾವೇ ಹಿಂದೆ ಇಟ್ಟರು. "ಇದು ಚಂದ, ಆದ್ರೆ ಒತ್ತಿದ್ರೆ ಬಗ್ಗೂದಿಲ್ಲ ಅಮ್ಮಾ. ಬಟ್ಟೆದು ತಗೊಳ್ಳಿ, ಸ್ವಲ್ಪ ಉಬ್ಬಿದ್ರೂ ತಳ್ಳಬಹುದು." ನಾಲ್ಕು ಚಕ್ರದ್ದು ಬೇಡ, ಇಳಿಜಾರಿನಲ್ಲಿ ಮಗುವಿನ ಕೈ ತಪ್ಪಿಸಿ ಓಡುತ್ತದೆ, ಎರಡು ಚಕ್ರದ್ದು ಇಟ್ಟಲ್ಲಿ ಇರುತ್ತದೆ ಎಂದರು. ಚಕ್ರವನ್ನೂ ಸೇರಿಸಿಯೇ ಎತ್ತರ ಅಳೆಯಬೇಕು, ಅದನ್ನು ಮರೆತೇ ಜನ ಏರ್‌ಪೋರ್ಟಿನಲ್ಲಿ ಜಗಳಾಡುತ್ತಾರೆ ಎಂದರು. ನಾನು ಕುತ್ತಿಗೆಯ ಟೇಪು ತೆಗೆದು ಅವರು ಹೇಳಿದ ಲೆಕ್ಕಕ್ಕೆ ಅಳೆದೆ. ಜಿಪ್ಪು ಎಳೆದೆ, ಒಳಗಿನ ಲೈನಿಂಗು ಮಗುಚಿ ಹೊಲಿಗೆ ನೋಡಿದೆ. ಹಿಡಿಕೆಯ ಕಂಬಿಗಳು ಬ್ಯಾಗಿನ ತಳದುದ್ದಕ್ಕೂ ಕೂತಿದ್ದವು.

"ಕಂಬಿಯೇ ಜಾಗ ತಿಂದಿದೆಯಲ್ಲ ಸಾಯ್ಬ್ರೆ. ಅಂಗಿ ಇಡೂದು ಎಲ್ಲಿ?"

"ಚಕ್ರ ಬೇಕು ಅಂದ್ರೆ ಕಂಬಿ ಇರ್ತದೆ ಅಮ್ಮಾ. ಹೆಗಲಿಗೆ ಹಾಕೂದು ತಗೊಂಡ್ರೆ ಜಾಗ ಇರ್ತದೆ, ಚಕ್ರ ಇರೂದಿಲ್ಲ."

ಮಗುವಿನ ಹೆಗಲು ನನಗೆ ಗೊತ್ತು. ಶಾಲೆಯ ಚೀಲಕ್ಕೇ ಬಾಗುತ್ತದೆ. ಚಕ್ರವೇ ಇರಲಿ ಎಂದೆ. ಆದರೂ ಕೈ ಮತ್ತೆ ಮತ್ತೆ ದೊಡ್ಡ ಬ್ಯಾಗುಗಳ ಕಡೆಗೇ ಹೋಗುತ್ತಿತ್ತು. ದೊಡ್ಡದರಲ್ಲಿ ತುಂಬಿ ಕಳಿಸಿದರೆ ಮಗು ಹೆಚ್ಚು ದಿನ ನಮ್ಮದಾಗಿ ಉಳಿಯುತ್ತದೆ ಎಂಬ ಹುಚ್ಚು. ಭಾವ ಸ್ಪಷ್ಟವಾಗಿ ಹೇಳಿದ್ದರು, ಅಲ್ಲಿ ಎಲ್ಲ ಸಿಗುತ್ತದೆ, ಇಲ್ಲಿಂದ ಏನೂ ಬೇಡ. ಏನೂ ಬೇಡ ಎನ್ನುವಷ್ಟು ಸಣ್ಣ ನೀಲಿ ಬ್ಯಾಗೊಂದನ್ನು ಕೊನೆಗೆ ಆರಿಸಿದೆ. "ಸೀಟಿನ ಕೆಳಗೆ ಆರಾಮ್ ಹೋಗ್ತದೆ, ಬೇಫಿಕರ್ ಇರಿ," ಎಂದರು ಸಾಯ್ಬರು.

ಚಿಂತೆ ಬಿಟ್ಟು ಬೇಫಿಕರ್ ಇರುವ ಜಾಯಮಾನ ನನ್ನದಲ್ಲ. ವಾಪಸು ಬರುವ ಸರ್ಕಾರಿ ಬಸ್ಸಿನಲ್ಲಿ ಕೂತ ಕೂಡಲೇ ಬ್ಯಾಗನ್ನು ನನ್ನ ಸೀಟಿನ ಕೆಳಗೆ ತಳ್ಳಿ ನೋಡಿದೆ. ಹೋಯಿತು. ಶಿರಾಲಿ ದಾಟುವಾಗ ಎಳೆದು ಇನ್ನೊಮ್ಮೆ ತಳ್ಳಿದೆ. ಆಗಲೂ ಹೋಯಿತು. ಕಂಡಕ್ಟರು ನಿಂತು ನೋಡಿ, "ಎಂತ ಅಕ್ಕ, ಕೆಳಗೆ ಬೆಕ್ಕುಂಟಾ?" ಎಂದು ಕೇಳಿದ. "ವಿಮಾನಕ್ಕೆ," ಎಂದೆ. ಅವನು ನಕ್ಕ. ನಗಲಿ. ಸರ್ಕಾರಿ ಬಸ್ಸಿನ ಸೀಟಿನ ಕೆಳಗೆ ಹಿಡಿದದ್ದು ವಿಮಾನದಲ್ಲಿ ಹಿಡಿಯದೆ ಇರುತ್ತದೆಯೇ ಎಂದು ನನಗೆ ಸಮಾಧಾನವಾಯಿತು. ಹಿಮ್ಮಡಿಗೆ ಚಕ್ರ ತಾಗುತ್ತಿತ್ತು. ಅದೂ ಒಂಥರಾ ಸಮಾಧಾನವಾಗಿತ್ತು, ಯಾರೋ ಕಾಲ ಬಳಿ ಕೂತ ಹಾಗೆ.

ಅದರಿಂದಲೇ ನನಗೆ ಆ ಉಪಾಯ ಹೊಳೆದದ್ದು. ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಕೆಳಗೆ ಬ್ಯಾಗು ತಳ್ಳಿ, ಮೇಲೆ ಮಗುವನ್ನು ಕೂರಿಸಿದೆ. ಅದಕ್ಕೆ ಹೊಟ್ಟೆಯ ಸುತ್ತ ನನ್ನ ಅಳತೆಯ ಟೇಪೇ ಬೆಲ್ಟು.

"ಇಲ್ಲಿ ಕೇಳು ಮಗಾ," ಎಂದೆ. "ಬ್ಯಾಗ್ ನಿನ್ನ ಸೀಟಿನ ಕೆಳಗೇ ಇರ್ತದೆ. ಹೆದರಿಕೆ ಆದ್ರೆ ಕಾಲು ಹಿಂದೆ ಹಾಕು. ಹಿಮ್ಮಡಿಗೆ ಬ್ಯಾಗ್ ತಾಗ್ತದೆ. ತಾಗಿದ್ರೆ ಚಿಕ್ಕಿ ಇಲ್ಲೇ ಇದ್ದಾಳೆ ಅಂತ ತಿಳ್ಕೊ."

ಮಗು ಕಾಲು ಹಿಂದೆ ಮಡಿಸಿತು. "ತಾಗ್ತು," ಎಂದಿತು. ಆಮೇಲೆ ಎರಡು ದಿನ ಅದೇ ಆಟ. ಊಟಕ್ಕೂ ಆ ಕುರ್ಚಿಯೇ. ಅಡುಗೆಮನೆಯಿಂದ ನಾನು ಇಣುಕಿದಾಗೆಲ್ಲ "ತಾಗ್ತು" ಎನ್ನುತ್ತಿತ್ತು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ತುಂಬುವಾಗ ತೊಂದರೆ ಬಂತು. ಮಗು ಮಲಗುವುದು ಒಂದು ಕೌದಿಯಲ್ಲಿ, ಅಕ್ಕನ ಸೀರೆಗಳಿಂದ ನಾನೇ ಹೊಲಿದದ್ದು. ಅದಿಲ್ಲದೆ ನಿದ್ದೆ ಬಾರದು. ಮಡಚಿ, ಸುತ್ತಿ, ಮೊಣಕಾಲು ಊರಿ ಒತ್ತಿದರೂ ಜಿಪ್ಪು ಬರಲಿಲ್ಲ. ಅಮ್ಮ ಬಾಗಿಲಲ್ಲಿ ಕೂತು, "ಕೌದಿ ಹೋದ್ರೆ ಅಂಗಿ ಉಳೀತದೆ, ಅಂಗಿ ಹೋದ್ರೆ ಕೌದಿ ಉಳೀತದೆ. ಬಿಡು, ಅಲ್ಲಿ ಅವರು ಹೊಸ ಹೊದಿಕೆ ಕೊಡ್ತಾರೆ," ಎಂದಳು. ಕೊಡುತ್ತಾರೆ, ಗೊತ್ತು. ಅದಕ್ಕೇ ನಾನು ಕತ್ತರಿ ತೆಗೆದೆ. ಕೌದಿಯನ್ನು ನಡುವಿಗೆ ಕತ್ತರಿಸಿ, ಅಂಚಿಗೆ ಹೊಲಿಗೆ ಹಾಕಿ, ಅರ್ಧವನ್ನು ಬ್ಯಾಗಿಗಿಟ್ಟೆ. ಜಿಪ್ಪು ಬಂತು.

"ಉಳಿದದ್ದು ಯಾರಿಗೆ?" ಎಂದು ಕೇಳಿತು ಮಗು.

"ನಂಗೆ. ನೀ ರಜೆಗೆ ಬಂದಾಗ ಜೋಡಿಸಿ ಹೊಲೀತೆ."

ಭಾವ ಬಂದರು. ತೆಳ್ಳಗಾಗಿದ್ದರು, ಮೊದಲಿನಂತೆಯೇ ತಲೆ ತಗ್ಗಿಸಿ ಮಾತಾಡಿದರು. ಊಟಕ್ಕೆ ಕೂತಾಗ ಅಮ್ಮ, ನನಗೆ ಕೇಳಲು ಬಾಯಿ ಬಾರದ್ದನ್ನು ಕೇಳಿಯೇಬಿಟ್ಟಳು. "ಅಲ್ಲಿ ಮಗು ಹೊಸಬಳನ್ನು ಎಂತ ಹೇಳಿ ಕರೆಯೂದು?"

ಭಾವ ತಲೆ ಎತ್ತದೆ ಅನ್ನ ಕಲಸಿದರು. "ಅಬ್ಬೆ ಅನ್ನೂದು ಬೇಡ ಅಂತ ಅವಳೇ ಹೇಳಿದ್ದಾಳೆ. ಫೋಟೋದಲ್ಲಿ ಇದ್ದವಳ ಜಾಗ ತನಗೆ ಬೇಡ ಅಂತ. ಚಿಕ್ಕಿ ಅಂದ್ರೆ ಆತು."

ತಪ್ಪು ಹೇಳಲಿಲ್ಲ ಅವರು. ನಮ್ಮಲ್ಲಿ ಅಪ್ಪನ ಎರಡನೆಯ ಹೆಂಡತಿಯೂ ಚಿಕ್ಕಿಯೇ. ಆ ಮಾತು ಇಬ್ಬರಿಗೂ ಸಲ್ಲುತ್ತದೆ ಎಂದು ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಅದು ನನಗೊಬ್ಬಳಿಗೇ ಕೊಟ್ಟದ್ದು ಎಂಬಂತೆ ಇಷ್ಟು ವರ್ಷ ಬಾಳಿದ್ದೆ. ಎದ್ದು ಹೋಗಿ ಭಾವನಿಗೆ ಸಾರು ತಂದು ಬಡಿಸಿದೆ.

ಗೋವೆಗೆ ರೈಲು, ಅಲ್ಲಿಂದ ವಿಮಾನ. ಹೊನ್ನಾವರದ ಸ್ಟೇಷನ್ನಿನಲ್ಲಿ ಮಗು ಬ್ಯಾಗನ್ನು ಪ್ಲಾಟ್‌ಫಾರ್ಮಿನ ಆ ತುದಿಗೂ ಈ ತುದಿಗೂ ಎಳೆಯಿತು. ಚಕ್ರ ಗರಗರ ಎನ್ನುವುದೇ ಅದಕ್ಕೆ ಖುಷಿ. ಅಳುತ್ತದೆ, ಸಮಾಧಾನ ಮಾಡಬೇಕು ಎಂದು ನಾನು ಮಾತು ಕಲಿತು ಹೋಗಿದ್ದೆ. ಅದು ಅಳಲಿಲ್ಲ. ರೈಲು ಬಂತು, ಹತ್ತಿತು, ಕಿಟಕಿಯಿಂದ ಕೈ ಬೀಸಿತು. ಅಮ್ಮ ಆ ದಿನ ಮೀನುಪೇಟೆಗೆ ಹೋಗದೆ ನನ್ನ ಜೊತೆ ಬಂದಿದ್ದಳು. ಇಬ್ಬರೂ ನಡೆದೇ ಮನೆಗೆ ಬಂದೆವು.

ಮೂರನೆಯ ದಿನ ಗಿರಾಕಿಯೊಬ್ಬರು ರವಿಕೆ ಒಯ್ಯಲು ಬಂದರು. ದುಬೈಯಲ್ಲಿ ಮಗಳ ಬಾಣಂತನ ಮಾಡಿ ಬಂದವರು, ಮಗು ಹೋದ ವಿಷಯ ಕೇಳಿದರು. ಅಳು ಬಾರದಿರಲಿ ಎಂದು ನಾನು ಬ್ಯಾಗಿನ ಬಡಾಯಿ ಕೊಚ್ಚಿದೆ. ಭಟ್ಕಳದಲ್ಲಿ ಆರಿಸಿದ್ದು, ಬಸ್ಸಿನಲ್ಲಿ ತಳ್ಳಿ ನೋಡಿದ್ದು, ಹಿಮ್ಮಡಿಗೆ ತಾಗುವ ಉಪಾಯ, ಎಲ್ಲ.

"ಅಯ್ಯೋ ಮಾರಾಯ್ತಿ," ಎಂದರು ಅವರು. "ವಿಮಾನದಲ್ಲಿ ಹಾಗಲ್ಲ. ನಮ್ಮ ಬ್ಯಾಗು ಎದುರಿನವರ ಸೀಟಿನ ಕೆಳಗೆ ಇಡೂದು. ನಮ್ಮ ಸೀಟಿನ ಕೆಳಗೆ ಇರೂದು ಹಿಂದೆ ಕೂತವರದ್ದು."

ಭಾವ ಹೇಳಿದ್ದರು, ಸಾಯ್ಬರು ಹೇಳಿದ್ದರು, ಎಲ್ಲರೂ ಸೀಟಿನ ಕೆಳಗೆ ಎಂದೇ ಹೇಳಿದ್ದರು. ಯಾರ ಸೀಟು ಎಂದು ನಾನು ಕೇಳಲಿಲ್ಲ, ಬಸ್ಸಿನಲ್ಲಿ ಓಡಾಡಿದವಳಿಗೆ ಆ ಪ್ರಶ್ನೆ ಹುಟ್ಟುವುದೂ ಇಲ್ಲ. ರವಿಕೆ ಮಡಚಿ ಕೊಟ್ಟೆ. ಮಗು ಕಾಲು ಹಿಂದೆ ಹಾಕಿ ತಡಕಾಡಿರಬಹುದು, ಬ್ಯಾಗಿಲ್ಲ, ಚಿಕ್ಕಿ ಸುಳ್ಳು ಹೇಳಿದಳು ಎಂದುಕೊಂಡಿರಬಹುದು. ಆ ಯೋಚನೆಯಲ್ಲಿ ಮಷಿನ್ನಿನ ಸೂಜಿ ಎರಡು ಸಲ ಮುರಿಯಿತು.

ಭಾನುವಾರ ಮಸ್ಕತ್ತಿನಿಂದ ವೀಡಿಯೊ ಕಾಲ್ ಬಂತು. ಮಗುವಿಗೆ ಹೊಸ ಅಂಗಿ, ಎರಡು ಜಡೆ. ಜಡೆ ನಾನು ಹಾಕುವುದಕ್ಕಿಂತ ಚೊಕ್ಕವಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅದು ಹೇಳಿತು.

"ಚಿಕ್ಕಿ, ತಾಗ್ತು."

"ಎಂತದು ಮಗಾ?"

"ಬ್ಯಾಗ್. ಅಪ್ಪ ಒಳಗೆ ತಳ್ಳಿದ್ರು, ನಾ ಕಿಟಕಿ ನೋಡ್ತಿದ್ದೆ. ವಿಮಾನ ಮೇಲೆ ಹೋಗುವಾಗ ಹೆದರಿಕೆ ಆತು. ಕಾಲು ಹಿಂದೆ ಹಾಕಿದೆ, ತಾಗ್ತು. ಇಳಿಯೂವರೆಗೂ ಕಾಲು ತೆಗೀಲಿಲ್ಲ."

ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದರೋ, ಅವರ ಬ್ಯಾಗಿನಲ್ಲಿ ಏನಿತ್ತೋ. ಆ ಗುರುತಿಲ್ಲದವರ ಬ್ಯಾಗು ಸಮುದ್ರ ದಾಟುವವರೆಗೂ ನನ್ನ ಮಗುವಿಗೆ ನಾನಾಗಿತ್ತು. ನಿಜ ಹೇಳುವ ಧೈರ್ಯ ನನಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ. "ಒಳ್ಳೇದಾತು ಮಗಾ," ಎಂದೆ.

ಅಷ್ಟರಲ್ಲಿ ಒಳಗಿನಿಂದ ಹೆಂಗಸಿನ ದನಿ ಮಗುವನ್ನು ಊಟಕ್ಕೆ ಕರೆಯಿತು. ಮೆದುವಾದ ದನಿ. ಮಗು ಕೂಡಲೇ ಆ ಕಡೆ ತಿರುಗಿ "ಬಂದೆ" ಎಂದಿತು. ಮತ್ತೆ ನನ್ನತ್ತ ನೋಡಿತು.

"ಚಿಕ್ಕಿ, ಫೋನ್ ಇಡ್ತೆ. ಚಿಕ್ಕಿ ಕರೀತಿದಾರೆ."

"ಹೋಗು ಮಗಾ," ಎಂದೆ. "ಚಿಕ್ಕಿ ಕರೆದ್ರೆ ಒಂದೇ ಸಲಕ್ಕೆ ಹೋಗಬೇಕು."