ಎಂಟು ಹುಳದ ಅಚ್ಚು

ನನ್ನ ಅತ್ತಿಗೆಯ ಹುಳುಮನೆಗೆ ಕಾಲಿಡುವವರು ಮೊದಲು ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿಯಬೇಕು, ಆಮೇಲೆ ಕೈ ತೊಳೆಯಬೇಕು. ಬೀಡಿ ಸೇದಿ ಬಂದವರಿಗೆ, ಘಮಘಮಿಸುವ ತಲೆಯೆಣ್ಣೆ ಹಚ್ಚಿದವರಿಗೆ ಒಳಗೆ ಪ್ರವೇಶವಿಲ್ಲ. ರೇಷ್ಮೆಹುಳಕ್ಕೆ ವಾಸನೆ ಆಗದು, ಹೊಗೆಯಂತೂ ವಿಷ. ನಮ್ಮ ದಿಬ್ಬೂರಹಳ್ಳಿಯಲ್ಲಿ ಇದು ಅಂಗನವಾಡಿ ಮಕ್ಕಳಿಗೂ ಗೊತ್ತು. ರೇಷ್ಮೆ ಸಾಕುವ ಮನೆಯಲ್ಲೇ ಹುಟ್ಟಿದ ನನಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ನಂಬಬಾರದು ಕೂಡ.

ನಾನು ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿದ್ದೇನೆ. ಗೌರಿಬಿದನೂರಿನಲ್ಲಿ ರೂಮು. ವಾರದ ರಜೆಗೆ ಊರಿಗೆ ಬಂದರೆ ಕೆರೆಗೆ ಹೋಗಿ ಮೀನು ಹಿಡಿಯುವ ಹುಚ್ಚು. ಎರೆಹುಳ ಚುಚ್ಚಿ ಕಾಯುತ್ತ ಕೂರುವ ಗಾಳವಲ್ಲ ನನ್ನದು. ಮೆತ್ತನೆಯ ಪ್ಲಾಸ್ಟಿಕ್ ಹುಳವನ್ನು ಕೊಕ್ಕೆಗೆ ಸಿಕ್ಕಿಸಿ, ದೂರ ಎಸೆದು, ಜೀವವಿದೆಯೇನೋ ಎಂಬಂತೆ ನೀರಿನಲ್ಲಿ ಕುಣಿಸುತ್ತ ಎಳೆಯಬೇಕು. ಕೊರಮೀನು ಆ ಸುಳ್ಳಿಗೆ ಬಾಯಿ ಹಾಕುತ್ತದೆ. ಅಂಗಡಿಯ ಹುಳಗಳು ಎರಡು ಕಡಿತಕ್ಕೆ ಹರಿದುಹೋಗುತ್ತಿದ್ದವು. ಇನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದೆ.

ಹಿಪ್ಪುನೇರಳೆ ಕಡ್ಡಿಯನ್ನು ಕೆತ್ತಿ ರೇಷ್ಮೆಹುಳದ ಆಕಾರ ತಂದೆ. ಬಾಲದ ಹತ್ತಿರ ಚಾಕು ಜಾರಿ ಒಂದು ಗೀರು ಬಿತ್ತು. ಅದನ್ನು ಗಾಜಿನ ಮೇಲೆ ಅಂಟಿಸಿ, ಕೊಬ್ಬರಿ ಎಣ್ಣೆ ಸವರಿ, ಸುತ್ತ ರಟ್ಟು ಕಟ್ಟಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಸುರಿದೆ. ಗಟ್ಟಿಯಾದ ಮೇಲೆ ಮಗುಚಿ ಕಡ್ಡಿ ಕಿತ್ತರೆ ಹುಳದ ಆಕಾರದ ಗುಳಿ. ಹರಿದ ಹಳೆಯ ಹುಳಗಳನ್ನು ಕರಗಿಸಿ ಆ ಗುಳಿಗೆ ಹೊಯ್ದರೆ ಹೊಸ ಹುಳ. ಆದರೆ ಒಂದು ಸಲಕ್ಕೆ ಒಂದೇ. ಅದು ಆರುವಷ್ಟರಲ್ಲಿ ಬಾಣಲೆಯಲ್ಲಿ ಉಳಿದದ್ದು ಗಟ್ಟಿಯಾಗಿರುತ್ತಿತ್ತು. ತಾಳ್ಮೆ ನನ್ನ ಹುಟ್ಟಿನಲ್ಲೇ ಇಲ್ಲ. ಆ ಅಚ್ಚಿನಲ್ಲಿ ಎಂಟು ಹುಳ ತೆಗೆದು, ಎಂಟನ್ನೂ ಗಾಜಿನ ಮೇಲೆ ಸಾಲಾಗಿ ಅಂಟಿಸಿ, ಮತ್ತೆ ಎಣ್ಣೆ ಸವರಿ, ಮೇಲೆ ಪ್ಲಾಸ್ಟರ್ ಸುರಿದು ಎಂಟು ಗುಳಿಯ ದೊಡ್ಡ ಅಚ್ಚು ಮಾಡಿದೆ. ಎಂಟರ ಬಾಲದಲ್ಲೂ ಆ ಗೀರು ಹಾಗೇ ಮೂಡಿತ್ತು. ಬಿಸಿಲಲ್ಲಿ ವಾರವಿಡೀ ಒಣಗಿಸಲು ಅಮ್ಮನಿಗೆ ಒಪ್ಪಿಸಿ ಹೋದೆ.

ಮುಂದಿನ ರಜೆಗೆ ಬಂದಾಗ ಹುಳುಮನೆ ತುಂಬಿತ್ತು. ಆ ಬೆಳೆ ಪೂರ್ತಿ ಅತ್ತಿಗೆಯದು. ಅಣ್ಣನಿಗೆ ರೇಷ್ಮೆ ಸಾಕಾಗಿತ್ತು, ಹಿಪ್ಪುನೇರಳೆ ಸೊಪ್ಪಿನ ತೋಟ ಕಿತ್ತು ದ್ರಾಕ್ಷಿ ಹಾಕುತ್ತೇನೆ ಎಂದು ಕೂತಿದ್ದ. "ಇದೊಂದು ಬೆಳೆ ನನ್ ಕೈಗೆ ಬಿಡಿ. ಕೆಟ್ರೆ ತೋಟ ಕೀಳ್ಸಿ, ನಾನು ತುಟಿ ಪಿಟಕ್ ಅನ್ನಲ್ಲ" ಎಂದು ಅತ್ತಿಗೆ ಮಾತು ಕೊಟ್ಟಿದ್ದರು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಮುಗಿದು ನಾಲ್ಕು ದಿನವಾಗಿತ್ತು. ಇನ್ನು ಮೂರು ದಿನ ಸೊಪ್ಪು ತಿಂದರೆ ಗೂಡು ಕಟ್ಟುತ್ತಿದ್ದವು.

ಅವತ್ತು ಬೆಳಗ್ಗೆ ಅಂಗಳದಾಚೆಯ ಅಡುಗೆಮನೆಯಲ್ಲಿ ಅತ್ತಿಗೆ ಇಟ್ಟಿದ್ದ ಕುಕ್ಕರಿನ ನೀರು ಆರಿ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಅಮ್ಮ ಗೊಣಗಿದಳು, ಅಷ್ಟೆ. ಆಮೇಲೆ ಅವಳೂ ಅತ್ತಿಗೆಯೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋದರು. ಹೊಸ ಅಚ್ಚಿಗೆ ಪ್ಲಾಸ್ಟಿಕ್ ಕರಗಿಸಲು ನಾನು ಅಂಗಳದಲ್ಲಿ ಸ್ಟೌ ಹಚ್ಚಿದರೆ ಗಾಳಿಗೆ ಉರಿ ನಿಲ್ಲಲಿಲ್ಲ. ಹುಳುಮನೆಗೆ ಸೇರಿದಂತೆ ಸೊಪ್ಪು ಇಡುವ ಕೋಣೆ ಖಾಲಿಯಿತ್ತು. ನಡುವೆ ಬಾಗಿಲಿದೆ, ಹತ್ತೇ ನಿಮಿಷದ ಕೆಲಸ ಎಂದುಕೊಂಡು ಸ್ಟೌ ಒಳಗಿಟ್ಟೆ.

ಎಂಟು ಗುಳಿ ತುಂಬಬೇಕಲ್ಲ, ಬಾಣಲೆ ತುಂಬ ಪ್ಲಾಸ್ಟಿಕ್ ಹಾಕಿದೆ. ಮೇಲಿನದು ಕರಗುವ ಮೊದಲೇ ತಳದ್ದು ಕಪ್ಪಾಯಿತು, ಬಿಳಿ ಹೊಗೆ ಎದ್ದಿತು. ಕಣ್ಣು ಉರಿದವು. ಸ್ಟೌ ಆರಿಸಿ, ಬಾಣಲೆ ಹಿಡಿದು ಓಡಿ ಕೊಟ್ಟಿಗೆಯ ಹಿಂದೆ ಎಸೆದು ಬಂದೆ. ಅಷ್ಟರಲ್ಲಿ ಹೊಗೆ ನಡುಬಾಗಿಲ ಕೆಳಗಿನ ಸಂದಿಯಿಂದ ಒಳಕ್ಕೆ ಹೋಗುತ್ತಿತ್ತು. ಟವೆಲ್ ಬೀಸಿದೆ, ಸ್ಟೌ ಅಡಗಿಸಿದೆ, ನೆಲ ಒರೆಸಿದೆ. ಸ್ವಲ್ಪ ಹೊತ್ತಿಗೆ ಹೊಗೆ ಕಾಣಲಿಲ್ಲ, ವಾಸನೆ ಮಾತ್ರ ಹೋಗಲಿಲ್ಲ.

ಸೊಪ್ಪಿನ ಹೊರೆ ಇಳಿಸಿ ಒಳಗೆ ಹೋದ ಅತ್ತಿಗೆ ಅಲ್ಲೇ ನಿಂತುಬಿಟ್ಟರು. ನಡುಬಾಗಿಲ ಹತ್ತಿರ ಹುಳದ ತಟ್ಟೆ ಜೋಡಿಸಿದ ಎರಡು ಸ್ಟ್ಯಾಂಡುಗಳ ಹುಳ ತಲೆಯೆತ್ತಿ ಅತ್ತಿತ್ತ ತೂಗುತ್ತ ಹಸಿರು ನೀರು ಕಾರುತ್ತಿದ್ದವು. ಹೊಸ ಸೊಪ್ಪು ಹಾಕಿದರು. ಒಂದೂ ಮೇಲೆ ಹತ್ತಲಿಲ್ಲ.

"ಏನೋ ಸುಟ್ಟ ವಾಸ್ನೆ... ಅಯ್ಯೋ ಅತ್ತೆ, ಬೆಳಿಗ್ಗೆ ಕುಕ್ಕರ್ದು! ಆ ಹೊಗೆ ಇಲ್ಲಿಗಂಟ ಬಂದೈತೆ."

"ದೇವುಡಾ!" ಅಮ್ಮ ಹಣೆ ಚಚ್ಚಿಕೊಂಡಳು. "ಒಂದು ಕುಕ್ಕರ್ ನೋಡ್ಕೊಳಕ್ಕಾಗ್ದೋಳು ಬೆಳೆ ನೋಡ್ಕೊಂತೀನಿ ಅಂದ್ಯಲ್ಲಮ್ಮ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಅಂಗೈ ಮೂಸಿ ನೋಡಿಕೊಂಡೆ. ಹೇಳಲು ಬಾಯಿ ತೆರೆದೆ, ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ಅಣ್ಣನ ಬೈಕಿನ ಸದ್ದು ಕೇಳಿತು. ಹೆದರಿ ಸುಮ್ಮನಾದೆ.

ಕೊಟ್ಟಿಗೆಯ ಹಿಂದೆ ಎಸೆದ ಬಾಣಲೆಯಿಂದ ಅಂಗಳದಲ್ಲೂ ಅದೇ ವಾಸನೆ ಇತ್ತು. ಅತ್ತಿಗೆ ಓಡಾಡಿ ಕಿಟಕಿಗಳನ್ನು ಮುಚ್ಚತೊಡಗಿದರು. "ಹೊರಗಿಂದ ಇನ್ನೂ ಬರ್ತಾ ಐತೆ. ಆ ಕಡೇವು ನೀನು ಮುಚ್ಚಪ್ಪ, ಬೇಗ" ಎಂದರು. ಮುಚ್ಚಿದೆ. ಮಧ್ಯಾಹ್ನ ಮೂರನೇ ಸ್ಟ್ಯಾಂಡಿನ ಹುಳ ತಲೆಯೆತ್ತಿದವು, ಆಮೇಲೆ ನಾಲ್ಕನೆಯದು. ಅತ್ತಿಗೆ ಊಟಕ್ಕೆ ಏಳಲಿಲ್ಲ. ಅಣ್ಣ ಬಾಗಿಲಲ್ಲಿ ಇಣುಕಿ ನೋಡಿ ಹೋದ. ನಾನು ಸತ್ತ ಹುಳಗಳನ್ನು ಆರಿಸಿ ಬಕೆಟಿಗೆ ಹಾಕುತ್ತಿದ್ದೆ. ಕೈಗೆ ಅವು ನನ್ನ ಪ್ಲಾಸ್ಟಿಕ್ ಹುಳಗಳಷ್ಟೇ ಮೆತ್ತಗಿದ್ದವು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು, ಆದರೂ ಬಾಯಿ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಅರ್ಧ ಮನೆ ಖಾಲಿಯಾಗಿತ್ತು.

ಎರಡು ವಾರ ಬಿಟ್ಟು ರಜೆಗೆ ಬಂದಾಗ ಅತ್ತಿಗೆ ಅಂಗಳದಲ್ಲಿ ಕೂತು ಉಳಿದ ಗೂಡು ಬಿಡಿಸುತ್ತಿದ್ದರು. ಅಣ್ಣ ಆಗಲೇ ತೋಟ ಕೀಳಲು ಜೆಸಿಬಿಯವನಿಗೆ ಹೇಳಿ ಬಂದಿದ್ದ. ಕೊಟ್ಟ ಮಾತಿನಂತೆ ಅತ್ತಿಗೆ ತುಟಿ ಬಿಚ್ಚಿರಲಿಲ್ಲ. ಕುಕ್ಕರಿನ ಮಾತೆತ್ತಿ ಅಮ್ಮ ದಿನವೂ ಚುಚ್ಚುತ್ತಿದ್ದಳಂತೆ. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ.

ಅತ್ತಿಗೆ ಬಯ್ಯಲಿಲ್ಲ. "ಎಲ್ಲಿ ಕಾಯ್ಸಿದ್ದು?" ಎಂದು ಕೇಳಿದರು.

"ಸೊಪ್ಪಿನ ರೂಮಲ್ಲಿ."

ಅವರ ಕೈ ಗೂಡಿನ ಮೇಲೇ ನಿಂತಿತು. "ಹಂಗಾದ್ರೆ ಹೊಗೆ ಒಳಗೇ ಇತ್ತು. ಅವತ್ತೇ ಹೇಳಿದ್ರೆ ಕಿಟಕಿ ಎಲ್ಲಾ ತೆಗೆದು ಫ್ಯಾನ್ ಹಾಕ್ತಿದ್ದೆ ಕಣಪ್ಪ. ಎರಡು ಸ್ಟ್ಯಾಂಡ್ ಹೋಗ್ತಿದ್ವು, ಅಷ್ಟೇ." ನನ್ನ ಮುಖ ನೋಡಿದರು. "ನೀನೂ ಬಂದು ಮುಚ್ಚಿದ್ಯಲ್ಲ."

ಆವತ್ತೇ ಅಣ್ಣನಿಗೂ ಅಮ್ಮನಿಗೂ ಹೇಳಿದೆ. ಅಮ್ಮ ಅತ್ತಳು. ಸೋಮವಾರ ಜೆಸಿಬಿ ಬಂತು.