ನಮ್ಮ ಅತ್ತೆಯ ಮೊಣಕಾಲು

ನಾನು ಘೋಣಸಗಿಯ ಸೊಸೆ, ತವರು ಸಾರವಾಡ. ನಮ್ಮದು ದ್ರಾಕ್ಷಿ ತೋಟ. ಹಣ್ಣನ್ನು ಶೆಡ್ಡಿನ ಬಲೆಗಳ ಮೇಲೆ ಹರವಿ ಒಣಗಿಸಿ, ಒಣದ್ರಾಕ್ಷಿ ಮಾಡಿ ತಿಕೋಟಾದ ವ್ಯಾಪಾರಿಗಳಿಗೆ ಕೊಡುತ್ತೇವೆ. ಶೆಡ್ಡಿನಲ್ಲಿ ಕೂತು ಕಡ್ಡಿ ಆರಿಸುವಾಗ ನಾವು ಹೆಂಗಸರು ಆಡುವ ಮಾತು, ಮಾಡುವ ಚ್ಯಾಷ್ಟಿ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ರೀಲ್ಸ್ ಹಾಕತೊಡಗಿದೆ. ಹಾಕಿದ್ದು ನಮ್ಮ ಖುಷಿಗೆ. ಬರಬರುತ್ತ ನೋಡುವವರು ಹೆಚ್ಚಾದರು. ತಿಕೋಟಾ ಬಸ್ಸಿನಲ್ಲಿ ಗುರುತಿಲ್ಲದವರೂ "ನೀವ ಅಲ್ರಿ ಆ ಶೆಡ್ಡಿನವ್ರು?" ಎಂದು ಸರಿದು ಕೂತು ಜಾಗ ಕೊಡುತ್ತಿದ್ದರು.

ಜನ ನನಗಿಂತ ಹೆಚ್ಚು ಮೆಚ್ಚಿದ್ದು ನಮ್ಮ ಅತ್ತೆಯನ್ನು. ಎಪ್ಪತ್ತು ದಾಟಿದ್ದರೂ ಬುಟ್ಟಿ ಹೊತ್ತು ನಡೆದರೆ ನಾವು ಹಿಂದೆ ಓಡಬೇಕು. ಒಂದು ಸಲ ಅವರು ಪಕ್ಕದ ಮನೆಯ ಮುದುಕಿಯನ್ನು ಅಣಕಿಸಿ, ನೆಲಕ್ಕೆ ಕೈಯೂರಿ "ಯವ್ವಾ, ಸತ್ನೆವ್ವಾ" ಎಂದು ನರಳುತ್ತ ಅರ್ಧ ಎದ್ದರು. ಆಮೇಲೆ ಗಹಗಹಿಸಿ ನಕ್ಕು, ಬುಟ್ಟಿಯನ್ನು ತಲೆಗೇರಿಸಿ ಸರಸರ ನಡೆದೇಬಿಟ್ಟರು. ನಮ್ಮ ರೀಲ್ಸುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ್ದು ಅದನ್ನೇ.

ಕೆಲವು ತಿಂಗಳ ನಂತರ ಸಾರವಾಡದಿಂದ ನನ್ನ ಚಿಕ್ಕಮ್ಮ, ನಮ್ಮ ಮಾತಿನಲ್ಲಿ ಚಿಗವ್ವ, ಫೋನ್ ಮಾಡಿದಳು.

"ನಿಮ್ಮ ಅತ್ತಿ ಹಚ್ಚತಾಳಲ್ಲ, ಆ ಎಣ್ಣಿ ನಾನೂ ತರಿಸೇನಿ ಯವ್ವಾ. ಹಚ್ಚಿದ ಕೂಡ್ಲೇ ಬೊಬ್ಬಿ ಎದ್ದಾವ. ಅಕಿ ಹೆಂಗ ಹಚ್ಚತಾಳ ಸ್ವಲ್ಪ ಕೇಳಿ ಹೇಳು."

"ಯಾವ ಎಣ್ಣಿ ಚಿಗವ್ವಾ?"

"ನೀನ ಹೇಳಿಯಲ್ಲ ಮೊಬೈಲ್‌ನ್ಯಾಗ!"

ಅವಳು ಕಳಿಸಿದ ವಿಡಿಯೊ ನೋಡಿದೆ. ನಮ್ಮದೇ ಶೆಡ್ಡು, ನಮ್ಮದೇ ಅತ್ತೆ. ಅವರು ಅಣಕಿಸಿ ನರಳಿದ್ದು ಎಣ್ಣೆ ಹಚ್ಚುವ ಮುಂಚೆ, ಬುಟ್ಟಿ ಹೊತ್ತು ನಡೆದದ್ದು ಹಚ್ಚಿದ ಮೇಲೆ ಎಂದು ಕತ್ತರಿಸಿ ಜೋಡಿಸಿದ್ದರು. ನಡುವೆ ನನ್ನ ಮುಖ. ತುಟಿ ನನ್ನವೇ ಅಲ್ಲಾಡುತ್ತಿದ್ದವು, ದನಿ ಮಾತ್ರ ನನ್ನದಲ್ಲ. "ಸ್ನೇಹಿತರೇ, ನಮ್ಮ ಅತ್ತೆಯವರು ಹಲವು ವರ್ಷಗಳಿಂದ ಮೊಣಕಾಲು ನೋವಿನಿಂದ ಬಳಲುತ್ತಿದ್ದರು" ಎಂದು ಯಾವುದೋ ನುಣುಪಾದ ದನಿ ಹೇಳುತ್ತಿತ್ತು. ನನ್ನ ಬಾಯಿಗೆ ಬೇರೊಬ್ಬರು ಮಾತು ತುರುಕಿದ್ದನ್ನು ಕಣ್ಣಾರೆ ನೋಡಿದಾಗ ಮೈ ಉರಿದು ಹೋಯಿತು.

ಅತ್ತೆಗೆ ತೋರಿಸಿದೆ. ಎರಡು ಸಲ ನೋಡಿದರು. "ನನ್ನ ಮೊಣಕಾಲಿಗೆ ಏನ್ ಧಾಡಿ ಆಗೇತಿ?" ಎಂದು ಗುಡುಗಿದರು. "ಮತ್ತ ನೀ ನನಗ 'ಅತ್ತೆಯವರು' ಅನ್ನೂದು ಯಾವಾಗ ಕಲ್ತಿ?"

ನನ್ನ ಗಂಡನದು ಬೇರೆ ದಾರಿ. "ನೆಟ್‌ನ್ಯಾಗ ಹಾಕಿದ ಮ್ಯಾಲ ಇದೆಲ್ಲಾ ಇದ್ದದ್ದ. ಎಲ್ಲಾ ಅಳಿಸಿ ಸುಮ್ಮನ ಕುಂದರು. ಮಂದಿ ಏನಂದಾರು?"

"ಕದ್ದಂವ ರಾಜಾ ಹಂಗ ತಿರಗಬೇಕು, ನಾ ಬಾಗಲಾ ಹಾಕ್ಕೊಂಡು ಕುಂದರಬೇಕೇನ್ರಿ?" ಎಂದೆ.

ಮರುದಿನ ಸಾರವಾಡಕ್ಕೆ ಹೋದೆ. ಚಿಗವ್ವನ ಮೊಣಕಾಲು ಕೆಂಪಗೆ ಊದಿ, ಚರ್ಮ ಸುಲಿದಿತ್ತು. ಅಂಥದ್ದರಲ್ಲೂ ಅವಳು, "ನಾನ ಹೆಚ್ಚ ಹಚ್ಚಿದೆ ಅನಸ್ತೈತಿ. ನೀ ಸುಳ್ಳ ಹೇಳಾಕಿ ಅಲ್ಲ" ಎಂದಳು. ಅವಳು ನಂಬಿದ್ದು ಎಣ್ಣೆಯನ್ನಲ್ಲ, ನನ್ನನ್ನು. ಅವಳನ್ನು ಬಬಲೇಶ್ವರದ ದವಾಖಾನೆಗೆ ಕರೆದುಕೊಂಡು ಹೋಗಿ ಮುಲಾಮು ಹಾಕಿಸಿದೆ. ಎಣ್ಣೆ ಡಬ್ಬಿಯ ಮೇಲಿದ್ದ ನಂಬರಿಗೆ ಅಲ್ಲಿಂದಲೇ ಫೋನ್ ಹಚ್ಚಿದೆ. ಅತ್ತಲಿನವನು, ಜಾಹೀರಾತು ತಾವು ಮಾಡಿದ್ದಲ್ಲ, ವಿಜಯಪುರದ ಒಂದು ಆಫೀಸಿನವರು ಮಾಡಿಕೊಟ್ಟದ್ದು ಎಂದು ಅದರ ವಿಳಾಸ ಹೇಳಿ ಕೈತೊಳೆದುಕೊಂಡ.

ಆ ಆಫೀಸಿಗೆ ನಾನು ಒಬ್ಬಳೇ ಹೋಗುವವಳಿದ್ದೆ. ಅತ್ತೆ ಆಗಲೇ ಇಳಕಲ್ ಸೀರೆಯುಟ್ಟು ಬಸ್ ಹಾದಿ ಹಿಡಿದಿದ್ದರು. "ಮೊಣಕಾಲು ನಂದು. ನಾ ಬರೂದ" ಎಂದರು.

ಆಫೀಸು ಒಂದು ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು. ಅತ್ತೆ ನನಗಿಂತ ಮೊದಲು ಮೆಟ್ಟಿಲು ಹತ್ತಿ ಮುಗಿಸಿದರು. ಒಳಗೆ ದೊಡ್ಡ ಬಳೆಯಂಥ ದೀಪ, ಕ್ಯಾಮೆರಾ, ಮೆತ್ತನೆಯ ಕುರ್ಚಿ. ಮಾಲೀಕ ಮೂವತ್ತರ ಆಸುಪಾಸಿನವನು. ನಮ್ಮನ್ನು ಕಂಡೊಡನೆ ಗುರುತು ಹಿಡಿದು, ಗಾಬರಿಯಾಗುವ ಬದಲು ಖುಷಿಪಟ್ಟ! ನೀರು ಕೊಟ್ಟ, ಚಹಾ ತರಿಸಿದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಗ್ವಾಡಿ ಮ್ಯಾಲ ಬರದ್ರ ಯಾರೂ ಓದೂದಿಲ್ಲ, ಬೋರ್ಡ್ ಹಾಕಿದ್ರ ಯಾರೂ ತಲಿ ಎತ್ತೂದಿಲ್ಲ. ಎಲ್ಲಾರ ಕಣ್ಣೂ ಕೈಯಾಗಿನ ಮೊಬೈಲ್ ಮ್ಯಾಲ. ಅಲ್ಲೂ ಸಿನಿಮಾದವ್ರು ಹೇಳಿದ್ರ ಮಂದಿ ನಂಬೂದಿಲ್ರಿ. ನಿಮ್ಮಂಥವ್ರು ಹೇಳಿದ್ರ ನಂಬತಾರ. ಅದಕ್ಕ ನಿಮ್ಮ ಮಾರಿನ ಬೇಕಾಗಿತ್ತು."

"ಕೇಳಬೇಕಿತ್ತಲ್ಲ?"

"ನೆಟ್‌ನ್ಯಾಗ ಹಾಕಿದ್ದು ಎಲ್ಲಾರದೂ ಅಲ್ರಿ ಅಕ್ಕಾರ?"

ಅಲ್ಲಿಯವರೆಗೆ ಸುಮ್ಮನೆ ಚಹಾ ಕುಡಿಯುತ್ತಿದ್ದ ಅತ್ತೆ ಬಸಿ ಕೆಳಗಿಟ್ಟರು. "ತಮ್ಮಾ, ಕೆಳಗ ಬೈಕ್ ನಿಂತೈತಿ, ನಿಂದ ಏನು?"

"ಹೌದ್ರಿ ಆಯಿ."

"ರಸ್ತೇದಾಗ ನಿಂತೈತಿ. ಎಲ್ಲಾರದೂ ಆತು. ಕೀಲಿ ಕೊಡು, ಇಕಿ ಹೊಡಕೊಂಡು ಹೊಕ್ಕಾಳ."

ಅವನು ನಕ್ಕ. ನಾವು ನಗಲಿಲ್ಲ. ಆಗ ಅವನು ಧಾಟಿ ಬದಲಿಸಿದ. ಇನ್ನು ಮುಂದೆ ಕೇಳಿಯೇ ಮಾಡುತ್ತೇನೆ, ಎಣ್ಣೆಗೆ ನೀವೇ ನಿಮ್ಮ ದನಿಯಲ್ಲಿ ಮಾತಾಡಿರಿ, ರೊಕ್ಕವನ್ನೂ ಕೊಡಿಸುತ್ತೇನೆ ಎಂದ. ನಾನು ಚಿಗವ್ವನ ಮೊಣಕಾಲಿನ ಫೋಟೊ ಅವನ ಮುಂದೆ ಹಿಡಿದೆ. "ಇದಕ್ಕ ಏನ್ ಮಾತಾಡ್ಲಿ, ಹೇಳ್ರಿ" ಎಂದೆ. ಅವನು ಫೋಟೊ ನೋಡದೆ ಮುಖ ತಿರುಗಿಸಿದ.

ಅವನು ಹಾಗೆ ಮುಖ ತಿರುಗಿಸಿದ್ದೇ ತಡ, ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಮೊಬೈಲ್ ತೆಗೆದು, ಅದೇ ಆಫೀಸಿನಲ್ಲಿ ನಿಂತು ಲೈವ್ ಹೋದೆ. "ಎಣ್ಣಿ ಬಗ್ಗೆ ನಾ ಏನೂ ಹೇಳಿಲ್ರಿ. ಆ ದನಿ ನಂದಲ್ಲ. ನಮ್ಮ ಅತ್ತಿಗಿ ಮೊಣಕಾಲು ಬ್ಯಾನಿ ಇಲ್ಲ, ಎಂದೂ ಇರಲಿಲ್ಲ. ಬೇಕಾದ್ರ ನೋಡ್ರಿ" ಎಂದು ಕ್ಯಾಮೆರಾ ತಿರುಗಿಸಿದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ದೀಪದ ಬೆಳಕಿನಲ್ಲೇ ಕುಕ್ಕರುಗಾಲಲ್ಲಿ ಕೂತು ಎದ್ದರು, ಮತ್ತೆ ಕೂತು ಎದ್ದರು. ಮಾಲೀಕ "ಬಂದ್ ಮಾಡ್ರಿ, ಬಂದ್ ಮಾಡ್ರಿ" ಎನ್ನುತ್ತ ಕೈ ಅಡ್ಡ ತಂದ. "ಯಾಕೋ ತಮ್ಮಾ? ನೆಟ್‌ನ್ಯಾಗಿಂದು ಎಲ್ಲಾರದೂ ಅಂದ್ಯಲ್ಲ" ಎಂದರು ಅತ್ತೆ, ಏದುಸಿರೂ ಇಲ್ಲದೆ.

ಆ ಲೈವ್ ಊರೂರು ಸುತ್ತಿತು. ಎಣ್ಣೆ ಹಚ್ಚಿಕೊಂಡು ಬೊಬ್ಬೆ ಎಬ್ಬಿಸಿಕೊಂಡ ಇನ್ನೂ ಎಷ್ಟೋ ಹೆಂಗಸರು ಕೆಳಗೆ ಬರೆದರು. ಎರಡು ದಿನದಲ್ಲಿ ಆಫೀಸಿನವನು ತನ್ನ ವಿಡಿಯೊ ಅಳಿಸಿದ. ಎಣ್ಣೆಯವನು ಫೋನ್ ಮಾಡಿ ಕೇಸು ಹಾಕುತ್ತೇನೆಂದು ಹೆದರಿಸಿದ. "ಹಾಕ್ರಿ. ಕೋರ್ಟಿಗಿ ನಮ್ಮ ಅತ್ತಿನ್ನ ಕರಕೊಂಡ ಬರ್ತೇನಿ" ಎಂದೆ. ಮತ್ತೆ ಅವನ ಫೋನ್ ಬರಲಿಲ್ಲ.

ಇಷ್ಟಾದರೂ ಆ ಸುಳ್ಳು ಸತ್ತಿಲ್ಲ. ಗ್ರೂಪಿನಿಂದ ಗ್ರೂಪಿಗೆ ಇನ್ನೂ ಓಡಾಡುತ್ತಿದೆ. ಮೊನ್ನೆ ಅದೇ ವಿಡಿಯೊದಲ್ಲಿ ನಾನು ಮರಾಠಿ ಮಾತಾಡುತ್ತಿದ್ದೆ, ಅದೂ ನನಗಿಂತ ಚೆನ್ನಾಗಿ. ಕಂಡಾಗಲೆಲ್ಲ ಅದರ ಕೆಳಗೆ ನಮ್ಮ ಲೈವ್ ಹಾಕುತ್ತೇನೆ. ನನಗೇನೂ ಬೇಸರವಿಲ್ಲ. ಅವರು ಹರಡುವುದನ್ನು ಬಿಡುವುದಿಲ್ಲವೆಂದರೆ ನಾನೂ ಬಿಡುವವಳಲ್ಲ. ಗಂಡ ಈಗ ಅಳಿಸು ಎನ್ನುವುದಿಲ್ಲ. ತಾವೇ ಹುಡುಕಿ, "ಇಲ್ಲೊಂದು ಐತಿ ನೋಡು" ಎಂದು ತೋರಿಸುತ್ತಾರೆ.

ಕಳೆದ ವಾರ ಬಬಲೇಶ್ವರದ ಅಂಗಡಿಯವರೊಬ್ಬರು ಮನೆಗೆ ಬಂದರು. ತೋಟಕ್ಕೆ ಸಿಂಪಡಿಸುವ ಹೊಸ ಔಷಧ ಇದೆ, ನೀವು ಒಂದು ಮಾತು ಹೇಳಿದರೆ ಸಾಕು ಎಂದರು.

"ಒಂದ ಹಂಗಾಮ ಹೊಡದ ನೋಡತೇನ್ರಿ. ಚಲೋ ಆದ್ರ ಚಲೋ ಅಂತೇನಿ, ಕೆಟ್ರ ಕೆಟ್ಟೈತಿ ಅಂತೇನಿ. ಎರಡೂ ನನ್ನ ಮಾತಿನ್ಯಾಗ, ನನ್ನ ದನೀಲೆ."

"ಹಂಗ ಯಾರ್ ಮಾಡ್ತಾರ್ರೀ?" ಎಂದರು.

"ನಾ ಮಾಡ್ತೇನಿ" ಎಂದೆ. ಅವರು ಚಹಾ ಕುಡಿದು, ಅತ್ತೆಗೆ ನಮಸ್ಕಾರ ಮಾಡಿ ಎದ್ದುಹೋದರು. ಮತ್ತೆ ಈ ಕಡೆ ಬಂದಿಲ್ಲ. ನಾನೂ ಕರೆಯಲು ಹೋಗಿಲ್ಲ.