ಮಾಯಿಯ ಹೊಲಕ್ಕೆ ನೀರು ಬಂದ ದಿನ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನೇ ನಾನು. ಅಪ್ಪ ಬುದ್ಧನ ಫೋಟೋ ತಂದು ಗೋಡೆಗೆ ಹಾಕಿದ ದಿನವೇ ದೆವ್ವ, ಗಾಳಿ, ಹಣೆಬರಹ ಎಂಬ ಮಾತುಗಳೆಲ್ಲ ನಮ್ಮ ಮನೆಯ ಹೊಸ್ತಿಲು ದಾಟಿ ಹೋಗಿದ್ದವು. ಗೆಳೆಯ ಹುಲುಗಪ್ಪ ನನಗಿಂತ ಒಂದು ಕೈ ಮೇಲು. ಅಮಾವಾಸ್ಯೆಯಂದೇ ಹೊಸ ಬೈಕು ತಂದು, ಅದಕ್ಕೆ ಕಟ್ಟಲೆಂದು ಅತ್ತೆ ಕಳಿಸಿದ ನಿಂಬೆಹಣ್ಣನ್ನು ಶರಬತ್ತು ಮಾಡಿ ಕುಡಿದ ಆಸಾಮಿ. ಆದ್ದರಿಂದ ಇದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ. ನನಗೇ ಇನ್ನೂ ತಲೆಬುಡ ತಿಳಿದಿಲ್ಲ.

ನಾನು ಮಸ್ಕಿಯವನು, ನೌಕರಿ ಲಿಂಗಸುಗೂರಿನಲ್ಲಿ. ಹುಲುಗಪ್ಪ ವಳಕಮದಿನ್ನಿಯವನು. ಸಿಂಧನೂರಿನಲ್ಲಿ ಗುಮಾಸ್ತನಾಗಿ ಮನೆ ಮಾಡಿದ್ದರೂ ಊರಿನ ಎರಡು ಎಕರೆ ಭತ್ತದ ಗದ್ದೆ ಬಿಟ್ಟವನಲ್ಲ. ಅಶೋಕನ ಶಾಸನವಿರುವ ಊರಲ್ಲಿ ಹುಟ್ಟಿದ ನನಗೆ, ಅದೇ ಅಶೋಕ ಲುಂಬಿನಿಯಲ್ಲಿ ನಿಲ್ಲಿಸಿದ ಕಂಬವನ್ನೂ ನೋಡಬೇಕೆಂಬ ಆಸೆ ಬಹಳ ದಿನದ್ದು. ಕೆಲವು ವರ್ಷಗಳ ಹಿಂದೆ, ಚಳಿಗಾಲದಲ್ಲಿ, ಇಬ್ಬರೂ ರಜೆ ಹಾಕಿ ಗೋರಖಪುರದ ಮೇಲೆ ನೇಪಾಳಕ್ಕೆ ಹೊರಟೆವು. ಹುಲುಗಪ್ಪ ಅಲ್ಲಿಯವರೆಗೆ ಸೊಲ್ಲಾಪುರ ದಾಟಿದವನಲ್ಲ.

ಲುಂಬಿನಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಯಾತ್ರಿಕರನ್ನು ಇಳಿಸಿಕೊಳ್ಳುವ ರೈತರ ಮನೆಯಲ್ಲಿ ಉಳಿದೆವು. ಕಿಸನ್ ಎಂಬ ನಮಗಿಂತ ಚಿಕ್ಕವನಾದ ರೈತ, ಅವನ ಹೆಂಡತಿ, ಎಲ್ಲರೂ ಮಾಯಿ ಎಂದು ಕರೆಯುವ ಅವನ ತಾಯಿ, ಇಷ್ಟೇ ಜನ. ನಮ್ಮ ಕಡೆಯ ಉರ್ದು ಬೆರೆತ ಹಿಂದಿ ಕೇಳಿ ಅವರಿಗೆ ನಗುವೋ ನಗು. ಮಾಯಿ ನಗುನಗುತ್ತಲೇ ತಟ್ಟೆಗೆ ಮತ್ತೊಂದು ಸೌಟು ಅನ್ನ ಸುರಿದುಬಿಡುತ್ತಿದ್ದಳು.

ಮೊದಲ ಸಂಜೆ ಕಿಸನ್ ನನಗೆ ತನ್ನ ಅಣ್ಣನ ವಿಷಯ ಹೇಳಿದ. ಹುಲುಗಪ್ಪ ಪ್ರಯಾಣದ ಆಯಾಸಕ್ಕೆ ಆಗಲೇ ಮಲಗಿದ್ದ. ಅವನ ಗೊರಕೆ ನಮ್ಮ ಮಾತಿಗಿಂತ ಜೋರಾಗಿತ್ತು. ಅಣ್ಣ ರಾಮು ದುಡಿಯಲು ಅರಬ್ ದೇಶಕ್ಕೆ ಹೋಗಿ ಏಳೆಂಟು ವರ್ಷ. ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ಸುದ್ದಿಯೇ ಇಲ್ಲ. ಹೋಗುವ ಮುನ್ನ ಅವನು ಬಂಡಿದಾರಿಯ ಆಚೆಗಿರುವ ಹೊಲಕ್ಕೆ ನೀರು ಹಾಯಿಸಲು ದಾರಿಯಡಿ ಒಬ್ಬನೇ ಪೈಪು ಹೂಳಿ, ಅದರ ಬಾಯಿ ಮುಚ್ಚಿದ್ದನಂತೆ. ಯಾರೂ ಕೈಹಚ್ಚಬೇಡಿ, ನಾನೇ ಬಂದು ತೆಗೆಯುತ್ತೇನೆ ಎಂದಿದ್ದನಂತೆ. ಆ ಮಾತು ಹಿಡಿದುಕೊಂಡು ಮಾಯಿ ಯಾರಿಗೂ ಅಲ್ಲಿ ಅಗೆಯಲು ಬಿಟ್ಟಿರಲಿಲ್ಲ. ತಾಯಿಯ ಕಣ್ಣು ತಪ್ಪಿಸಿ ಕಿಸನ್ ಹುಡುಕಿದ್ದನಾದರೂ ಬಾಯಿ ಸಿಕ್ಕಿರಲಿಲ್ಲ. ಹೊಲ ಬೀಳುಬಿದ್ದಿತ್ತು.

ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಮೂವರೂ ಹೊಲದ ಕಡೆ ಹೋದೆವು. ಕಿಸನ್ ಗೋಧಿಗೆ ನೀರು ಬಿಟ್ಟಿದ್ದ. ಹುಲುಗಪ್ಪ ನಮ್ಮ ಕಾಲುವೆಯ ಪುರಾಣ ತೆಗೆದಿದ್ದ: ಮೇಲಿನವರು ನೀರು ಹೇಗೆ ತಡೆಯುತ್ತಾರೆ, ಕೊನೆಯವರು ಹೇಗೆ ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ, ಇತ್ಯಾದಿ. ಮಾತಿನ ನಡುವೆಯೇ ನಿಂತ. ಮೊಬೈಲು, ಚಪ್ಪಲಿ ನನ್ನ ಕೈಗೆ ಕೊಟ್ಟು, ಪ್ಯಾಂಟು ಮಡಚಿ ಸರಸರನೆ ಬಂಡಿದಾರಿಯ ಪಕ್ಕದ ಕಾಲುವೆಗೆ ಇಳಿದ. ದಡದ ನೇರಳೆ ಮರದ ಬೇರಿನ ಕೆಳಗೆ ಭುಜದವರೆಗೂ ಕೈ ತೂರಿಸಿದ. ಕಿಸನ್ ಕೂಗುವಷ್ಟರಲ್ಲಿ ಗೋಣಿತಟ್ಟು ಸುತ್ತಿದ ಒಂದು ಗುಂಡುಕಲ್ಲು ಅವನ ಕೈಯಲ್ಲಿತ್ತು. ನೀರು ಗುಳುಗುಳು ಎಂದಿತು. ದಾರಿಯಾಚೆ ಮೊದಲು ಕೆಸರು, ಹಿಂದೆಯೇ ನೀರು ಬಂತು.

“ಏನ್ ಮಾಡಿದ್ಯೋ ಮಾರಾಯಾ!” ಎಂದೆ.

“ನೀರು ಕಟ್ಟಿ ನಿಂತಿತ್ತಲ್ಲಲೇ, ತೆಗೀಬೇಕಲ್ಲ?” ಎಂದ, ತನ್ನ ಗದ್ದೆಯಲ್ಲೇ ನಿಂತವನ ಹಾಗೆ. ಮರುಕ್ಷಣ ಕಲ್ಲನ್ನು ಕೆಳಗೆ ಹಾಕಿದ. ಬಲಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡ.

ಅಷ್ಟರಲ್ಲಿ ಮಾಯಿ ಬಂದಳು. ಬೈಯುತ್ತಾಳೆಂದುಕೊಂಡೆ. ಅವಳು ಬೀಳುಹೊಲದಲ್ಲಿ ಕೂತು, ಹರಿದು ಬಂದ ನೀರನ್ನು ಬೊಗಸೆಯಲ್ಲಿ ತೆಗೆದು ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಎದ್ದು ಬಂದು ಹುಲುಗಪ್ಪನ ಒದ್ದೆ ತೋಳು ಹಿಡಿದಳು. ರಾಮುವನ್ನು ಎಲ್ಲಿ ಕಂಡೆ? ಆ ಜಾಗ ಅವನೊಬ್ಬನಿಗೇ ಗೊತ್ತಿತ್ತು, ಅವನು ಹೇಳದೆ ನಿನಗೆ ಹೇಗೆ ತಿಳಿಯಬೇಕು? ಚೆನ್ನಾಗಿದ್ದಾನಲ್ಲವೇ? ಅವಳು ತಮ್ಮ ಊರಿನ ಮಾತಿನಲ್ಲಿ ಕೇಳಿದ್ದನ್ನೆಲ್ಲ ಕಿಸನ್ ತಲೆ ತಗ್ಗಿಸಿಕೊಂಡೇ ಹಿಂದಿಯಲ್ಲಿ ಹೇಳಿದ.

ಹುಲುಗಪ್ಪನಿಗೆ ಹಿಂದಿ ಮರೆತೇ ಹೋಯಿತು. “ಇಲ್ಲ ಯವ್ವಾ, ನಿನ್ನ ಮಗನ್ನ ನಾ ಕಂಡಿಲ್ಲ. ಬುದ್ಧನ ಆಣಿಗೂ ಕಂಡಿಲ್ಲ” ಎಂದ. ಆಣೆ ಹಾಕುವವರನ್ನು ಕಂಡರೆ ಉರಿದುಬೀಳುವ ಮನುಷ್ಯ ಅವನು! ನಾನು ಅದನ್ನು ಹಿಂದಿಯಲ್ಲಿ ಹೇಳಿ, ಕಿಸನ್ ತಾಯಿಗೆ ದಾಟಿಸಿದ ಮೇಲೆ, ಮಾಯಿ ಎಲ್ಲ ಗೊತ್ತೆಂಬಂತೆ ತಲೆಯಾಡಿಸಿದಳು. ಹೇಳಬೇಡವೆಂದು ಮಗನೇ ಹೇಳಿ ಕಳಿಸಿದ್ದಾನೆ ಎಂದುಕೊಂಡಳೋ ಏನೋ.

ಹೊರಡುವಾಗ ಎರಡು ಗಂಟು ಕೊಟ್ಟಳು. ಎರಡರಲ್ಲೂ ಎಳ್ಳುಂಡೆ. ದೊಡ್ಡದು ನಮಗೆ, ಕೆಂಪು ಬಟ್ಟೆಯ ಚಿಕ್ಕದು ರಾಮುವಿಗೆ, ಮತ್ತೆ ಸಿಕ್ಕಾಗ ಕೊಡಬೇಕಂತೆ. ಹುಲುಗಪ್ಪ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಕೊನೆಗೆ ಎರಡೂ ಕೈ ಚಾಚಿ ಇಸಿದುಕೊಂಡ.

ವಾಪಸು ಬರುವ ಬಸ್ಸಿನಲ್ಲಿ ಹುಲುಗಪ್ಪ, “ನೀರು ಹಿಮ ಹಿಮ ಇತ್ತಲೇ. ಆ ಕಲ್ಲು ಮಾತ್ರ ಬೆಚ್ಚಗಿತ್ತು. ಯಾರೋ ಈಗ ಹಿಡ್ದು ಬಿಟ್ಟಂಗ” ಎಂದ.

ನಾನು ಎಲ್ಲ ದಿಕ್ಕಿನಿಂದಲೂ ಯೋಚಿಸಿದ್ದೇನೆ. ಭತ್ತ ಬೆಳೆಯುವವನ ಕಣ್ಣಿಗೆ ನೀರಿನ ದಾರಿ ತಾನೇ ಕಾಣುತ್ತದೆ ಎನ್ನೋಣವೇ? ಕಿಸನ್ ಕೂಡ ಮಳೆಗಾಲದಲ್ಲಿ ಭತ್ತ ಬೆಳೆಯುವವನೇ. ಪುನರ್ಜನ್ಮ ಎಂದರೆ ನಾನು ಒಪ್ಪುವುದಿಲ್ಲ. ಒಪ್ಪಿದರೂ ಲೆಕ್ಕ ಕೂಡುವುದಿಲ್ಲ, ರಾಮು ಹುಲುಗಪ್ಪನಿಗಿಂತ ಚಿಕ್ಕವನು. ಅವನಿಗೆ ಊರಿನಲ್ಲಿ ಹೀಗೇ ಕಲ್ಲು ತೆಗೆದು ರೂಢಿ ಇರಬಹುದೆಂದು ವಳಕಮದಿನ್ನಿಗೂ ಹೋಗಿ ನೋಡಿಬಂದೆ. ಅವನ ಗದ್ದೆಯಲ್ಲಿ ಅಂಥ ಪೈಪೂ ಇಲ್ಲ, ನೇರಳೆ ಮರವೂ ಇಲ್ಲ.

ಮಾಯಿ ಈಗಲೂ ಕಿಸನ್‌ನ ಮೊಬೈಲಿನಿಂದ, ಅವನನ್ನೇ ದುಭಾಷಿ ಮಾಡಿಕೊಂಡು, ಹುಲುಗಪ್ಪನ ಹತ್ತಿರ ಮಾತಾಡುತ್ತಾಳೆ. ಆ ಹೊಲದಲ್ಲಿ ಈಗ ಬೆಳೆ ಇದೆ. ರಾಮುವಿನ ಸುದ್ದಿ ಇಲ್ಲ. ಈಚೆಗೆ ನಾನು ಸಿಂಧನೂರಿನ ಹುಲುಗಪ್ಪನ ಮನೆಯಲ್ಲಿದ್ದಾಗಲೇ ಫೋನು ಬಂತು. ರಾಮುವಿಗೆ ಆ ಕೆಂಪು ಗಂಟು ಕೊಟ್ಟೆಯಾ ಎಂದು ಕೇಳಿದಳು. ಇವನು ಕೊಟ್ಟೆ ಎಂದುಬಿಟ್ಟ. ನನಗೆ ಸಿಟ್ಟು ಬಂತು.

“ಮುದುಕಿಗೆ ಯಾಕ ಸುಳ್ಳು ಹೇಳ್ತೀಲೇ?”

“ಸುಳ್ಳಲ್ಲೋ. ಇಷ್ಟು ವರ್ಷ ಆ ಗಂಟು ಬಿಚ್ಚದಾಂಗ ಇಟ್ಕೊಂಡಿದ್ದೆ. ಈ ಸಲ ಕಾಲುವಿಗೆ ನೀರು ಬಿಟ್ಟ ದಿನ, ನಮ್ಮ ತೂಬಿನ ಬಾಯಾಗ ಕೈ ಹಾಕಿ ಕೊಟ್ಟು ಬಂದೀನಿ.”

ನಿಂಬೆಹಣ್ಣು ಹಿಂಡಿ ಕುಡಿದವನ ಬಾಯಲ್ಲಿ ಈ ಮಾತು. ನಗಬೇಕಿತ್ತು, ನಗು ಬರಲಿಲ್ಲ.

“ಒಳಗಿಂದ ಯಾರರ ತೊಗೊಂಡ್ರಾ?” ಎಂದೆ.

ಯಾಕೆ ಹಾಗೆ ಕೇಳಿದೆನೋ ನನಗೇ ತಿಳಿಯದು. ಹುಲುಗಪ್ಪ ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ. ಆಮೇಲೆ ಚಹಾ ಮಾಡಿಸಲು ಒಳಗೆ ಹೋದ.